ಹಾಜರಿ ಪುಸ್ತಕದ ನಾಲ್ಕು ಹೆಸರು

ಸರ್ ಅವರ ಅಂಗಿಯ ಎದೆಕಿಸೆಯ ಅಂಚಿಗೆ ಯಾವಾಗಲೂ ಏಳೆಂಟು ಟಾಚಣಿಗಳು ಸಾಲಾಗಿ ಚುಚ್ಚಿಕೊಂಡಿರುತ್ತಿದ್ದವು. ಕಾಗದಕ್ಕೆ ಕಾಗದ ಜೋಡಿಸುವ ಸಾದಾ ಗುಂಡುಸೂಜಿಗಳು. ದಿನವಿಡೀ ಅವನ್ನು ಕೀಳುತ್ತ, ಚುಚ್ಚುತ್ತ ಅವರ ಬಲಗೈಯ ಎರಡು ಬೆರಳ ತುದಿಗಳು ದಡ್ಡುಗಟ್ಟಿ ಹೋಗಿದ್ದವು. ಎತ್ತರದ ಆಳು, ತುಸು ಬಾಗಿದ ಬೆನ್ನು, ಮುಖದ ತುಂಬ ಚಿಕ್ಕಂದಿನ ಸಿಡುಬಿನ ಕಲೆ. ಒಮ್ಮೆ ಓಡಿಬಂದು ಅಪ್ಪಿಕೊಂಡ ಮೊಮ್ಮಗಳ ಕೆನ್ನೆಗೆ ಟಾಚಣಿ ತಾಗಿ ರಕ್ತ ಬಂದಾಗ ಅವರ ಹೆಂಡತಿ, ನಾನು ಚಾಚಿ ಎಂದು ಕರೆಯುತ್ತಿದ್ದವರು, ‘ಇವರಿಗೆ ಅಂಗಿ ಹೊಲಿಸೂದು ಬ್ಯಾಡ ತಂಗಿ, ಸೂಜಿ ಚುಚ್ಚೂ ಗಾದಿ ಹೊಲಿಸಿಬಿಡೋಣು’ ಎಂದು ಬೈದಿದ್ದರು. ಸರ್ ಮೊಮ್ಮಗಳ ಕೆನ್ನೆ ಒರೆಸಿ, ಟಾಚಣಿಗಳನ್ನು ಬಲಗಡೆಯಿಂದ ಎಡಗಡೆಗೆ ಬದಲಾಯಿಸಿಕೊಂಡರು, ಅಷ್ಟೆ.

ಎಪ್ಪತ್ತರ ದಶಕದ ನಡುವಿನ ಮಾತು. ಊರನ್ನು ಆಗ ನಾವೆಲ್ಲ ವಿಜಾಪುರ ಎಂದೇ ಅನ್ನುತ್ತಿದ್ದೆವು. ಸರ್ ಅಲ್ಲಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. ಅದಕ್ಕೂ ಮೊದಲು ಬಹಳ ವರ್ಷ ಮಾಸ್ತರಿಕೆ ಮಾಡಿ, ಕಡೆಗೆ ನಾಲ್ಕು ತಿಂಗಳು ಹಂಗಾಮಿಯಾಗಿ ಶಾಲೆಗಳ ತಪಾಸಣೆ ಅಧಿಕಾರಿಯೂ ಆಗಿದ್ದವರು. ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಬಟ್ಟೆ ಅಂಗಡಿಯೊಂದರಲ್ಲಿ ಕಾರಕೂನ. ಸರ್ ಅವರಿಗೆ ಒಂದು ಸಣ್ಣ ಸಂಶೋಧನೆಯ ಕೆಲಸ ಬಂದಿದೆ, ಹಳ್ಳಿಯ ಹೆಂಗಸರೊಂದಿಗೆ ಮಾತಾಡಬಲ್ಲ ಹುಡುಗಿ ಬೇಕಂತೆ ಎಂದು ಯಾರೋ ಹೇಳಿದರು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಅವರೆದುರು ನಿಲ್ಲಿಸಿದ. ‘ಬಸ್ಸಿನ್ಯಾಗ ಒಬ್ಬಾಕೀನ ಹೋಗ್ತಿಯೇನವಾ?’ ಎಂಬುದೊಂದೇ ಅವರು ಕೇಳಿದ ಪ್ರಶ್ನೆ. ಹೂಂ ಅಂದೆ. ಕೆಲಸ ಸಿಕ್ಕಿತು.

ಬಬಲೇಶ್ವರ, ಟಿಕೋಟಾ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಎಂಟನೆಯ ಇಯತ್ತೆ, ಅಂದರೆ ಎಂಟನೆಯ ತರಗತಿ, ದಾಟಿದ ಮೇಲೆ ಯಾಕೆ ಶಾಲೆ ಬಿಡುತ್ತಾರೆ ಎಂದು ತಿಳಿಯುವುದು ನಮ್ಮ ಕೆಲಸ. ಅಚ್ಚು ಹಾಕಿಸಿದ ಫಾರ್ಮುಗಳನ್ನು ಹಿಡಿದು ಒಂದೂವರೆ ತಿಂಗಳು ಮನೆಮನೆ ತಿರುಗಿದೆ. ಬಂದು, ಅಡ್ಡ ಉದ್ದ ಗೆರೆ ಎಳೆದು, ಚೆಂದದ ಒಂದು ಪಟ್ಟಿ ಮಾಡಿ ಅವರ ಮೇಜಿನ ಮೇಲಿಟ್ಟೆ. ಹೆಚ್ಚಿನ ಮನೆಗಳ ಮುಂದೆ ‘ಬಡತನ’ ಎಂದು ಬರೆದಿತ್ತು. ಉಳಿದವರ ಮುಂದೆ ‘ಮದುವೆ’, ‘ದೊಡ್ಡವಳಾದಳು’ ಎಂದಿತ್ತು.

ಸರ್ ಬಹಳ ಹೊತ್ತು ನೋಡಿದರು. ‘ಅಕ್ಷರ ಚಲೋ ಅದಾವ’ ಎಂದರು. ಆಮೇಲೆ, ‘ತಂಗಿ, ಈ ಬಡತನ ಯಾವಾಗ ಬಂತು?’

‘ಮೊದಲಿನಿಂದ ಅದರೀ ಸರ್.’

‘ಆಕಿ ಐದನೇ ಇಯತ್ತೆಕ್ಕ ಬರೂವಾಗೂ ಇತ್ತು, ಎಂಟನೇದಕ್ಕ ಬರೂವಾಗೂ ಇತ್ತು. ಆವಾಗೆಲ್ಲ ಬಿಡಲಾರದಾಕಿ ಆ ಒಂದು ದಿನ ಯಾಕ ಬಿಟ್ಲು? ಬಡತನ ಅಂದ್ರ ಉತ್ತರ ಅಲ್ಲ ತಂಗಿ. ಮುಂದ ಕೇಳಬ್ಯಾಡ ಅಂತ ಮಂದಿ ಹೇಳೂ ಮಾತು ಅದು.’

ನನ್ನ ಒಂದೂವರೆ ತಿಂಗಳು ಅಲ್ಲಿಗೆ ಮುಗಿಯಿತು. ಅಳು ಬಂತು. ಸರ್ ಅದನ್ನು ನೋಡಲಿಲ್ಲವೋ, ನೋಡಿಯೂ ನೋಡದಂತಿದ್ದರೋ. ‘ನೂರು ಮಂದೀನ ಒಂದೊಂದು ಮಾತು ಕೇಳೂದು ಬ್ಯಾಡ. ಒಬ್ಬ ಹುಡುಗೀನ ಹಿಡಿ. ಆಕಿ ಕಡೀ ಸಲ ಸಾಲೀಗೆ ಬಂದ ದಿನದಿಂದ ಹಿಂದ ಹಿಂದ ಹೋಗು. ಇದಕ್ಕಿಂತ ಮೊದಲ ಏನಾತು, ಅದಕ್ಕಿಂತ ಮೊದಲ ಏನಾತು. ಒಂದೊಂದಕ್ಕೂ ಒಂದೊಂದು ಚೀಟಿ. ಚೀಟಿ ಹಿಂದ, ಇದು ನನಗ ಹ್ಯಾಂಗ ಗೊತ್ತಾತು ಅಂತ ಬರಿ’ ಎಂದರು.

ಹಾಗೆ ಅವರ ಕೋಣೆಯ ಗೋಡೆಗೆ ದಾರ ಕಟ್ಟಿದೆವು. ಚೀಟಿಗಳು ಟಾಚಣಿಯಿಂದ ಆ ದಾರಕ್ಕೆ ಸಾಲಾಗಿ ಏರತೊಡಗಿದವು. ಎರಡು ಸಂಗತಿಗಳ ನಡುವೆ ಏನಾಯಿತೆಂದು ಗೊತ್ತಾಗದಿದ್ದರೆ ಅಲ್ಲೊಂದು ಖಾಲಿ ಚೀಟಿ ಚುಚ್ಚಬೇಕು. ಊಹೆಯಿಂದ ತುಂಬಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ‘ನೋಡಿದ್ಯೋ, ಕೇಳಿದ್ಯೋ, ಅನಕೊಂಡ್ಯೋ?’ ಎಂದು ಮೂರು ಬೆರಳು ಮಡಚುತ್ತ ಕೇಳುತ್ತಿದ್ದರು.

ಆ ವಿದ್ಯೆ ನನಗೆ ಸರಿಯಾಗಿ ತಲೆಗೆ ಹೋದದ್ದು ನಾನೊಂದು ಸುಳ್ಳು ಹೇಳಿ ಸಿಕ್ಕಿಬಿದ್ದ ದಿನ. ತಡವಾಗಿ ಬಂದವಳು, ‘ಟಾಂಗಾ ಸಿಗಲಿಲ್ರಿ ಸರ್’ ಎಂದೆ. ಅವರು ತಲೆ ಎತ್ತದೆ ಹೇಳಿದರು: ‘ಸಿಗಲಾರದ ಇದ್ರ ನಿನ್ನ ಓಣಿಯಿಂದ ಅದ ಟಾಂಗಾದಾಗ ಬರೂ ನಮ್ಮ ಸಿಪಾಯಿನೂ ತಡಾ ಮಾಡಬೇಕಿತ್ತು. ಅಂವ ಹತ್ತಕ್ಕ ಬಂದು ಚಹಾ ಕೊಟ್ಟಾನ. ಅವನ ತಡಾ ಇರಲೇಬೇಕಾದ ಗುರುತು. ಅದು ಇಲ್ಲ ಅಂದ್ರ ನಿನ್ನ ಮಾತು ಬಿತ್ತು.’ ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿ ನಕ್ಕರು. ‘ಇನ್ನ ಗಲ್ಲದ ಮ್ಯಾಲ ಚಾಪಿ ಗೆರಿ ಮೂಡ್ಯಾವ. ಅದು ಇದ್ದರ ಸಾಕು ಅನ್ನೂವಂಥ ಗುರುತು. ಬ್ಯಾರೆ ಸಾಕ್ಷಿ ಬೇಕಾಗಿಲ್ಲ.’ ನಾನು ಸೆರಗಿನಿಂದ ಕೆನ್ನೆ ಮುಚ್ಚಿಕೊಂಡೆ. ಮುಂದೆ ಎಷ್ಟೋ ವರ್ಷಗಳಾದ ಮೇಲೆ ದಪ್ಪ ಇಂಗ್ಲಿಷ್ ಪುಸ್ತಕವೊಂದರಲ್ಲಿ ‘ಪ್ರೋಸೆಸ್ ಟ್ರೇಸಿಂಗ್’ ಎಂಬ ಹೆಸರಿನಡಿ ಇದೇ ಎರಡು ಗುರುತುಗಳ ವಿವರಣೆ ಓದಿದಾಗ, ನನ್ನ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ನಮಗೆ ಆಗ ಅದಕ್ಕೆ ಹೆಸರಿರಲಿಲ್ಲ. ಸರ್ ‘ಜಾಡು ಹಿಡಿಯೂದು’ ಅನ್ನುತ್ತಿದ್ದರು.

ನಾವು ಜಾಡು ಹಿಡಿದದ್ದು ಜೈನಾಪುರದ ನೀಲವ್ವ ಎಂಬ ಹುಡುಗಿಯದು. ಬಬಲೇಶ್ವರದ ಸುತ್ತಲಿನ ಒಂದು ಹೈಸ್ಕೂಲಿಗೆ, ಯಾವುದೆಂದು ಹೇಳುವುದು ಬೇಡ, ಜೈನಾಪುರದಿಂದ ನಾಲ್ಕು ಹುಡುಗಿಯರು ಜೊತೆಯಾಗಿ ನಡೆದು ಹೋಗುತ್ತಿದ್ದರು. ಒಂಬತ್ತನೆಯ ಇಯತ್ತೆ. ಎರಡು ವರ್ಷದ ಹಿಂದೆ ನಾಲ್ವರೂ ಒಂದೇ ಮಳೆಗಾಲದಲ್ಲಿ, ಗಣಪತಿ ಹಬ್ಬದ ಆಸುಪಾಸಿನಲ್ಲಿ ಶಾಲೆ ಬಿಟ್ಟಿದ್ದರು. ಈಗ ನಾಲ್ವರಿಗೂ ಮದುವೆಯಾಗಿತ್ತು.

‘ಮದುವಿ ಅಂತ ಸಾಲಿ ಬಿಟ್ರೋ, ಸಾಲಿ ಬಿಟ್ರು ಅಂತ ಮದುವಿ ಆತೋ?’ ಎಂದರು ಸರ್. ‘ಯಾವುದು ಮೊದಲು ನೋಡಿ ಬಾ.’

ನೋಡಿ ಬಂದೆ. ನಾಲ್ಕು ಮನೆಗಳಲ್ಲೂ ಶಾಲೆ ಬಿಟ್ಟದ್ದು ಮೊದಲು. ವರ ಹುಡುಕಿದ್ದು ಆಮೇಲೆ. ನೀಲವ್ವನ ತಾಯಿ ಜೋಳ ಹಸನು ಮಾಡುತ್ತ ಕೂತು ಹೇಳಿದಳು: ‘ನನಗ ಕೂಸು ಹುಟ್ಟಿತ್ತರೀ ಅಕ್ಕಾರ. ಮೂರು ವಾರ ಆಕೀನ ರೊಟ್ಟಿ ಬಡದ್ಲು, ನೀರ ತಂದ್ಲು. ನಾ ಎದ್ದ ಮ್ಯಾಲ ಸಾಲೀಗೆ ಹೋದ್ಲು. ಹೋದಾಕಿ ಮಧ್ಯಾನ್ನಕ್ಕ ತಿರುಗಿ ಬಂದು, ಯವ್ವಾ, ನನ್ನ ಹೆಸರ ಹೊಡದಾರಬೇ ಅಂತ ಅತ್ಲು. ಅಪ್ಪನ್ನ ಕರಕೊಂಡ ಬಾ ಅಂದಿದ್ರಂತ. ಇವರು ಒಂದಿನ ಹೋಗಿದ್ರರೀ. ಹೆಡ್ ಮಾಸ್ತರು ಊರಾಗ ಇರಲಿಲ್ಲ. ನಾಳಿ ಬಾ ಅಂದ್ರಂತ. ನಾಳಿ ಅನ್ನೂದ್ರಾಗ ಬಿತ್ತಗಿ ಬಂತು. ಮನ್ಯಾಗ ಕುಂತ ಹುಡುಗಿ ನೋಡಿ ಕನಮಡಿಯವರು ಕೇಳಾಕ ಬಂದ್ರು.’

ಉಳಿದ ಮೂವರಲ್ಲಿ ಒಬ್ಬಳಿಗೆ ಜ್ವರ, ಒಬ್ಬಳ ಅಕ್ಕನ ಮದುವೆ, ಇನ್ನೊಬ್ಬಳ ಮನೆಯಲ್ಲಿ ಕಳೆ ತೆಗೆಯುವ ಕೆಲಸ. ಶಾಲೆ ತಪ್ಪಿದ ಕಾರಣ ಬೇರೆ ಬೇರೆ, ತಿರುಗಿ ಹೋದಾಗ ಸಿಕ್ಕ ಉತ್ತರ ಒಂದೇ: ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದೆ. ಆದರೆ ಅದಕ್ಕೂ ಹಿಂದಿನ ವರ್ಷಗಳ ಹಾಜರಿ ಪುಸ್ತಕದಲ್ಲಿ ಇದೇ ಹುಡುಗಿಯರು ವಾರಗಟ್ಟಲೆ ತಪ್ಪಿಸಿದ್ದರು, ಮತ್ತೆ ಬಂದಿದ್ದರು. ಯಾರೂ ಹೆಸರು ಹೊಡೆದಿರಲಿಲ್ಲ. ಆ ವರ್ಷವೇ ಯಾಕೆ? ದಾರದ ಮೇಲೆ ಅಲ್ಲೊಂದು ಖಾಲಿ ಚೀಟಿ ಬಿತ್ತು.

ಅದನ್ನು ತುಂಬಲು ಒಂದು ಶುಕ್ರವಾರ ನಾನೊಬ್ಬಳೇ ಆ ಹೈಸ್ಕೂಲಿಗೆ ಹೋದೆ. ಶುಕ್ರವಾರ ಸರ್ ನಮಾಜು ಬಿಟ್ಟು ಊರು ಬಿಡುತ್ತಿರಲಿಲ್ಲ. ಹೆಡ್ ಮಾಸ್ತರರು ಒಳ್ಳೆಯ ಮನುಷ್ಯ. ಕೇಳಿದ್ದಕ್ಕೆ ಸಂಕೋಚದಿಂದ, ‘ನಾವೇನ್ ಬೇಕಂತ ಹೊಡೀತೀವೇನ್ರಿ? ಮ್ಯಾಲಿಂದ ಷರಾ ಬಂತು. ತಪಾಸಣಿ ಸಾಹೇಬ್ರು ಬರದು ಹೋದ್ರು, ನಾವು ಮಾಡಿದ್ವಿ’ ಎಂದು ಭೇಟಿ ಪುಸ್ತಕವನ್ನು ತೆರೆದು ನನ್ನ ಮುಂದಿಟ್ಟರು.

ಎರಡೇ ಸಾಲು. ‘ಸತತ ಗೈರುಹಾಜರಿರುವವರ ಹೆಸರುಗಳನ್ನು ನಿಯಮದಂತೆ ಕಡಿಮೆ ಮಾಡತಕ್ಕದ್ದು. ಪಾಲಕರು ಖುದ್ದಾಗಿ ಬಂದ ಹೊರತು ಮರಳಿ ಸೇರಿಸಿಕೊಳ್ಳಬಾರದು.’

ಓದುವ ಮೊದಲೇ ಅಕ್ಷರ ಗುರುತು ಸಿಕ್ಕಿತ್ತು. ‘ಳ’ ಬರೆದರೆ ಅದರ ಬಾಲ ಹಿಂದಿನ ಅಕ್ಷರದ ಕೆಳಗಿನವರೆಗೂ ಬರುವಂತೆ ಬರೆಯುತ್ತಿದ್ದವರು ನನಗೆ ಗೊತ್ತಿದ್ದವರಲ್ಲಿ ಒಬ್ಬರೇ. ಕೆಳಗೆ ಸಹಿ ಇತ್ತು. ಸಹಿ ನೋಡುವ ಅಗತ್ಯ ಇರಲಿಲ್ಲ.

ಬಬಲೇಶ್ವರದಿಂದ ಬಸ್ಸಿನಲ್ಲಿ ಬರುವಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಪ್ಪನಿಗೆ ಹೇಳುವಂತಿಲ್ಲ, ಸರ್ ಅವರಿಗೆ ಹೇಳುವುದು ಹೇಗೆ? ಆ ನಾಲ್ಕು ತಿಂಗಳಲ್ಲಿ ದಿನಕ್ಕೆರಡು ಶಾಲೆ ನೋಡಿದ ಮನುಷ್ಯ, ಎಲ್ಲ ಅಧಿಕಾರಿಗಳೂ ಬರೆಯುವ ಎರಡು ಸಾಲನ್ನು ಬರೆದು ಜೀಪು ಹತ್ತಿ ಹೋಗಿದ್ದರು. ಅವರಿಗೆ ಆ ಶಾಲೆ ನೆನಪಿರುವುದೂ ಸಂಶಯವಿತ್ತು. ಚೀಟಿಯ ಮೇಲೆ ‘ಮೇಲಿನವರ ಆದೇಶ’ ಎಂದಷ್ಟೇ ಬರೆದು ದಾರಕ್ಕೆ ಚುಚ್ಚಿದೆ.

ನಾಲ್ಕು ದಿನ ಅವರು ಅದನ್ನು ಗಮನಿಸಲಿಲ್ಲ. ಐದನೆಯ ದಿನ ಆ ಚೀಟಿಯ ಮುಂದೆ ನಿಂತರು. ‘ಮ್ಯಾಲಿನವರು ಅಂದ್ರ ಯಾರು? ಮ್ಯಾಲ ಬರೇ ಆಕಾಶ ಅದ.’

ನಾನು ಮೇಜಿನ ಮೇಲಿನ ಫಾರ್ಮುಗಳನ್ನು ಜೋಡಿಸತೊಡಗಿದೆ.

‘ಕೇಳಿ ಬರದ್ಯೋ, ನೋಡಿ ಬರದ್ಯೋ?’

‘ನೋಡೇನ್ರಿ ಸರ್.’

‘ನೋಡಿದ್ದನ್ನ ಬರಿ ಮತ್ತ.’

ಬರೆದೆ. ಎರಡೂ ಸಾಲು, ಕೆಳಗೆ ತಾರೀಖು. ಅವರು ಓದಿ, ‘ಸಹಿ ಯಾರದು?’ ಎಂದರು. ‘ನಿಮ್ಮದರೀ’ ಎಂದೆ.

ಸರ್ ಕುರ್ಚಿಯ ಮೇಲೆ ಕೂತರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಚೀಟಿ ಓದಿದರು. ನಾನು ಕ್ಷಮೆ ಕೇಳುವವಳಂತೆ ಏನೇನೋ ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಕಡೆಗೆ ಹೇಳಿದ್ದಿಷ್ಟು: ‘ನಾಳೆ ಇಬ್ಬರೂ ಹೋಗೋಣು. ಈ ಚೀಟಿ ಸುಳ್ಳು ಅಂತ ಮಾಡಾಕ ಏನೇನ್ ಬೇಕೋ ಎಲ್ಲಾ ಹುಡುಕು. ನಾ ಅಂತ ಹೇಳಿ ಬಿಡಬ್ಯಾಡ. ನಾ ಅಂತ ಹೇಳಿ ಹಿಡೀಲೂಬ್ಯಾಡ.’

ಮೂರು ದಿನ ಹುಡುಕಿದೆವು. ಷರಾಕ್ಕಿಂತ ಮೊದಲು ಯಾರ ಹೆಸರಾದರೂ ಹೊಡೆದಿತ್ತೇ? ಇಲ್ಲ. ಆಮೇಲೆ? ಷರಾ ಬಂದ ಮೂರನೆಯ ದಿನವೇ ಶಾಲೆಯ ಫಲಕಕ್ಕೆ ನೋಟೀಸು, ವಾರದೊಳಗೆ ಹೆಸರುಗಳ ಮೇಲೆ ಕೆಂಪು ಗೆರೆ. ಕಡೆಗೆ ಒಂದು ಸಂಗತಿ ಸಿಕ್ಕಿ ನನಗೆ ಹೋದ ಜೀವ ಬಂದಂತಾಯಿತು. ಗೈರುಹಾಜರಾದ ಹುಡುಗರ ಹೆಸರೂ ಹೊಡೆದಿದ್ದರು, ಆದರೆ ಅವರ ಅಪ್ಪಂದಿರೋ ಅಣ್ಣಂದಿರೋ ಬಂದು ಮತ್ತೆ ಬರೆಸಿದ್ದರು. ‘ಹಂಗಾರ ನಿಮ್ಮ ಷರಾ ಕಾರಣ ಅಲ್ರಿ ಸರ್! ಮಂದಿ ಮನಸ್ಸು ಕಾರಣ. ಹುಡುಗ ಅಂದ್ರ ಓಡಿ ಬಂದಾರ, ಹುಡುಗಿ ಅಂದ್ರ ಬಂದಿಲ್ಲ’ ಎಂದೆ.

‘ಅದನ್ನೂ ಬರಿ. ಅದೂ ಖರೇ ಅದ’ ಎಂದರು. ‘ಆದರ ಮನಸ್ಸು ಮೊದಲೂ ಹಂಗ ಇತ್ತಲ್ಲ ತಂಗಿ. ಆ ಮನಸ್ಸು ಇದ್ದೂ ಹುಡುಗ್ಯಾರು ಬರಾಕತ್ತಿದ್ರು. ಬಾಗಲಾ ಸಣ್ಣದಾಗಿ ತೆರದಿತ್ತು, ನುಸುಳಿ ಬರ್ತಿದ್ರು. ಅದನ್ನ ಹಾಕಿದವ ನಾನು.’

ನಾನು ವಾದಿಸಲು ನೋಡಿದೆ. ಅವರು ಕೈ ಅಡ್ಡ ಮಾಡಿದರು.

ಮರುವಾರ, ‘ಕನಮಡಿಗೆ ಹೋಗಬೇಕು’ ಎಂದರು. ಅದು ನೀಲವ್ವನನ್ನು ಮದುವೆ ಮಾಡಿಕೊಟ್ಟ ಊರು. ಬಸ್ಸಿನಲ್ಲಿ ಟಿಕೋಟಾ, ಅಲ್ಲಿಂದ ಜೀಪು. ಯಾಕೆ ಹೊರಟಿದ್ದೇವೆಂದು ನಾನು ಕೇಳಲಿಲ್ಲ. ಸಂಶೋಧನೆಗೆ ಅಲ್ಲಿ ಬೇಕಾದ್ದು ಏನೂ ಉಳಿದಿರಲಿಲ್ಲ.

ನೀಲವ್ವನಿಗೆ ಹದಿನೇಳು ಇದ್ದೀತು. ಸೊಂಟದ ಮೇಲೆ ಕೂಸು. ವಿಜಾಪುರದಿಂದ ಸಾಹೇಬರು ಬಂದಿದ್ದಾರೆಂದು ಅತ್ತೆ ಕಂಬಳಿ ಹಾಸಿ, ಬೆಲ್ಲ ನೀರು ಕೊಟ್ಟು, ಬಾಗಿಲ ಬಳಿಯೇ ಕೂತಳು. ಸರ್ ಮೊದಲು ಕೂಸಿನ ಹೆಸರು ಕೇಳಿದರು. ಆಮೇಲೆ, ‘ಯವ್ವಾ, ನಿನ್ನ ಹೆಸರು ಸಾಲ್ಯಾಗ ಹೊಡದ್ರಲ್ಲ, ಹೊಡೀಬೇಕಂತ ಬರದಾಂವ ನಾನು. ಅದನ್ನ ಹೇಳಾಕ ಬಂದೆ’ ಎಂದರು.

ಅವಳಿಗೆ ಅದು ಅರ್ಥವಾಗಲಿಲ್ಲ. ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ‘ನಾ ಏನ್ ತಪ್ಪ ಮಾಡಿದ್ನಿರೀ?’ ಎಂದಳು.

‘ಏನೂ ಮಾಡಿಲ್ಲವಾ.’

‘ಅದನ್ನ ಕೇಳಬೇಕಂತಿದ್ನಿರೀ ಆವಾಗ. ಯಾರನ್ನ ಕೇಳೂದು ತಿಳೀಲಿಲ್ಲ.’ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಆಮೇಲೆ ಮೆಲ್ಲಗೆ, ‘ಈಗ ಮತ್ತ ಹೆಸರ ಬರೀತಾರೇನ್ರಿ?’

ಬಾಗಿಲ ಬಳಿಯಿಂದ ಅತ್ತೆ, ‘ಏನ್ ಕೇಳ್ತೈತಿ ನೋಡ್ರಿ ಇದು, ಹುಚ್ಚಖೋಡಿ!’ ಎಂದು ನಕ್ಕಳು. ನೀಲವ್ವನೂ ಸೆರಗು ಕಚ್ಚಿ ನಕ್ಕಳು. ಸರ್ ನಗಲಿಲ್ಲ. ಬೆಲ್ಲದ ನೀರು ಹಾಗೇ ಇತ್ತು. ಎದ್ದರು. ಜೀಪಿನಲ್ಲಿ ಕೂತ ಮೇಲೆ, ‘ಕಾರಣ ಸಿಕ್ತು ತಂಗಿ. ಸಿಕ್ಕು ಏನಾತು?’ ಎಂದರು. ಅದು ನನಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ.

ವರದಿಯನ್ನು ಅವರೇ ಬರೆದರು. ಷರಾದ ಎರಡು ಸಾಲು, ಕೆಳಗೆ ತಮ್ಮ ಹೆಸರು, ಹುದ್ದೆ, ಎಲ್ಲವನ್ನೂ ಇದ್ದಂತೆಯೇ ಇಟ್ಟರು. ಕಾಲೇಜಿನ ಹಿರಿಯರೊಬ್ಬರು ಓದಿ, ‘ಆ ಒಂದು ಪುಟ ತಗೀರಿ ಸರ್. ನಿಮಗೂ ಚಲೋ, ಕಾಲೇಜಿಗೂ ಚಲೋ. ಬಡತನ ಅಂತ ಬರದ್ರ ಯಾರೂ ಏನೂ ಅನ್ನೂದಿಲ್ಲ’ ಎಂದು ನನ್ನೆದುರೇ ಹೇಳಿದರು. ಸರ್ ತೆಗೆಯಲಿಲ್ಲ. ವರದಿ ಅಚ್ಚಾಗಲಿಲ್ಲ. ತಿಂಗಳುಗಳ ಮೇಲೆ ಯಾವುದೋ ಕಪಾಟಿಗೆ ಸೇರಿತೆಂದು ಗೊತ್ತಾಯಿತು. ಹೆಸರು ಹೊಡೆಯುವ ಮೊದಲು ಮನೆಗೆ ಹೋಗಿ ವಿಚಾರಿಸಬೇಕೆಂದು ಆದೇಶ ಹೊರಡಿಸಿರಿ ಎಂದು ಅವರು ಮೇಲಿನ ಕಚೇರಿಗೆ ಬರೆದ ಪತ್ರಗಳಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು. ಎರಡನೆಯ ಸಲವೂ ಅದೇ ಉತ್ತರ. ಮೂರನೆಯ ಸಲ ಅದೂ ಬರಲಿಲ್ಲ.

ಆಮೇಲೆ ಅವರು ತಿಂಗಳಿಗೊಂದು ಸಲ ಜೈನಾಪುರಕ್ಕೆ ಹೋಗತೊಡಗಿದರು. ಎಂಟನೆಯ ಇಯತ್ತೆ ಮುಗಿಸಿದ ಹುಡುಗಿಯರಿದ್ದ ಮನೆಗಳ ಕಟ್ಟೆಯ ಮೇಲೆ ಕೂತು, ‘ಹೆಸರು ಹೊಡದ್ರ ನನಗ ಒಂದು ಕಾರ್ಡ್ ಹಾಕ್ರಿ, ನಾ ಬಂದು ಬರಸ್ತೀನಿ’ ಎನ್ನುತ್ತಿದ್ದರು. ಮಂದಿ ‘ಆಗಲ್ರಿ ಸಾಹೇಬ್ರ’ ಎಂದು ಚಹಾ ಕೊಟ್ಟು ಕಳಿಸುತ್ತಿದ್ದರು. ಒಂದು ಕಾರ್ಡೂ ಬರಲಿಲ್ಲ. ನನ್ನ ವರ್ಷದ ಕೆಲಸ ಮುಗಿದು, ಟಿಕೋಟಾದಲ್ಲಿ ಪ್ರಾಥಮಿಕ ಶಾಲೆಯ ನೌಕರಿ ಸಿಕ್ಕಿತು. ನನ್ನ ವರ್ಗದಲ್ಲಿ ಯಾರಾದರೂ ಮೂರು ದಿನ ಬಾರದಿದ್ದರೆ ಸಂಜೆ ಅವರ ಮನೆಯ ಮುಂದೆ ನಾನಿರುತ್ತಿದ್ದೆ. ಮೂವತ್ತು ವರ್ಷ ಹಾಗೆಯೇ ಮಾಡಿದೆ. ಕೆಲವರು ಬಂದರು, ಬಹಳ ಮಂದಿ ಬರಲಿಲ್ಲ. ಬಾರದವರ ಕತೆಯನ್ನು ಕಡೆಯ ದಿನದಿಂದ ಹಿಂದಕ್ಕೆ ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕುಗಳು ನನ್ನ ಬಳಿ ಇವೆ. ಸರ್ ಕಲಿಸಿದ್ದು ಅದನ್ನೇ.

ದಶಕದ ಕಡೆಯ ವರ್ಷ ಜೂನಿನಲ್ಲಿ, ಅವರಿಗೆ ಮೂತ್ರಪಿಂಡದ ತೊಂದರೆಯಾಗಿ ದವಾಖಾನೆಗೆ ಸೇರಿಸಿದ್ದಾರೆಂದು ತಿಳಿದು ನೋಡಲು ಹೋದೆ. ಮುಖ, ಕೈ ಬಾತಿದ್ದವು. ಸಿಡುಬಿನ ಕಲೆಗಳೇ ಕಾಣುತ್ತಿರಲಿಲ್ಲ. ದವಾಖಾನೆಯ ಬಿಳಿ ಅಂಗಿಯಲ್ಲಿ ಯಾರೋ ಬೇರೆಯವರಂತಿದ್ದರು. ಚಾಚಿ ಪಕ್ಕದಲ್ಲಿ ಕೂತು ಬೀಸಣಿಕೆ ಬೀಸುತ್ತಿದ್ದರು. ಡಾಕ್ಟರು ಏನೂ ಹೇಳುತ್ತಿಲ್ಲ ಎಂದು ಕಣ್ಣಲ್ಲೇ ತಿಳಿಸಿದರು.

ಸರ್ ಕಣ್ಣು ತೆರೆದು ನನ್ನ ಗುರುತು ಹಿಡಿದರು. ‘ಸಾಲಿ ಸುರು ಆಗ್ಯಾವೇನು?’

‘ಆಗ್ಯಾವ್ರಿ ಸರ್.’

‘ಜೈನಾಪುರದಿಂದ ಒಂಬತ್ತನೇ ಇಯತ್ತೆಕ್ಕ ಈ ವರ್ಷ ಹುಡುಗ್ಯಾರು ಎಷ್ಟು ಮಂದಿ ಬರಾಕತ್ತಾರ?’

ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ‘ಐದಾರು ಮಂದಿ ಬರಾಕತ್ತಾರ್ರಿ’ ಎಂದುಬಿಟ್ಟೆ.

‘ಯಾರು ಹೇಳಿದ್ರು?’

ತಲೆ ತಗ್ಗಿಸಿದೆ. ‘ಯಾರೂ ಹೇಳಿಲ್ರಿ. ನಾನ ಅಂದೆ.’

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ‘ಹೋಗಿ ನೋಡಿ ಬಾರವಾ’ ಎಂದರು. ‘ನನಗ ಆಗೂದಿಲ್ಲ.’

ನನಗ ಆಗೂದಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ಮೊದಲ ಸಲ ಕೇಳಿದ್ದೆ. ಮರುದಿನ ಮುಂಜಾನೆಯ ಬಸ್ಸಿಗೆ ಬಬಲೇಶ್ವರಕ್ಕೆ ಹೋದೆ. ಹೆಡ್ ಮಾಸ್ತರರು ಬದಲಾಗಿದ್ದರು. ಹೊಸಬರಿಗೆ ನನ್ನ ಪರಿಚಯ ಹೇಳಿ, ಹಾಜರಿ ಪುಸ್ತಕ ಕೇಳಿ, ಬೆರಳಿಟ್ಟು ಓದಿದೆ. ಆಮೇಲೆ ವರ್ಗದ ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದೆ. ಮುಂದಿನ ಸಾಲಿನಲ್ಲಿ ಒಬ್ಬಳು, ಕಿಟಕಿಯ ಹತ್ತಿರ ಒಬ್ಬಳು. ಹೆಸರು ಕೇಳಿದೆ, ಜೈನಾಪುರದವರೇ ಎಂದು ಕೇಳಿದೆ. ಹೌದೆಂದರು.

ಸಂಜೆ ತಿರುಗಿ ಬರುವಷ್ಟರಲ್ಲಿ ದವಾಖಾನೆಯ ಮಂಚಕ್ಕೆ ಬೇರೆ ಹಾಸಿಗೆ ಹಾಕಿದ್ದರು. ಮನೆಗೆ ಓಡಿದೆ. ಅಂಗಳದಲ್ಲಿ ಗಂಡಸರು ಯಾರೂ ಇರಲಿಲ್ಲ. ಎಲ್ಲರೂ ಖಬರಸ್ತಾನಕ್ಕೆ ಹೋಗಿದ್ದರು. ಒಳಗೆ ಹೆಂಗಸರ ನಡುವೆ ಕೂತಿದ್ದ ಚಾಚಿ ನನ್ನನ್ನು ನೋಡಿ ಕೈ ಚಾಚಿದರು. ನಾನು ಅವರ ಮುಂದೆ ಕುಸಿದು ಕೂತೆ.

‘ಇಬ್ಬರು ಅದಾರ್ರಿ ಚಾಚಿ’ ಎಂದೆ.

‘ಯಾರವಾ?’

ಹುಡುಗಿಯರಿಬ್ಬರ ಹೆಸರು ಹೇಳಿದೆ. ಚಾಚಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ಯಾಕೆ ಹೇಳುತ್ತಿದ್ದೇನೆಂದೂ ಗೊತ್ತಿರಲಿಲ್ಲ. ಆದರೂ ಎರಡನ್ನೂ ಒಂದು ಸಲ ಮೆಲ್ಲಗೆ ತಾವೂ ಹೇಳಿಕೊಂಡರು. ಆಮೇಲೆ, ‘ಮುಂಜಾನಿಂದ ಎರಡು ಸಲ ಕೇಳಿದ್ರು ನಿನ್ನ. ಆಕಿ ಬಂದಾಳೇನು ಅಂತ’ ಎಂದರು.